ಬೆರಳ ತುದಿಯಷ್ಟು ಮುಲಾಮು

ಹಳೆ ಮೈಸೂರಿನ ಕಡೆಯಿಂದ ಕುಷ್ಟಗಿಗೆ ವರ್ಗವಾಗಿ ಬಂದಿದ್ದ ಮುಖ್ಯೋಪಾಧ್ಯಾಯರೊಬ್ಬರು ಮೊದಲ ದಿನ ಬೆಳಿಗ್ಗೆ ಶಾಲೆಯ ಜವಾನನನ್ನು ಕಂಡು ಅಕ್ಕರೆಯಿಂದ, "ತಿಂಡಿ ಆಯಿತೇನಪ್ಪಾ?" ಎಂದು ಕೇಳಿದರು. ಆತ ಗಾಬರಿಗೊಂಡು ಎರಡೂ ಕೈಗಳನ್ನು ಮುಂದೆ ಚಾಚಿ, ಹಿಂದು ಮುಂದು ತಿರುಗಿಸಿ ತೋರಿಸುತ್ತ, "ಇಲ್ರಿ ಸರ, ನನಗ ಯಾವ ತಿಂಡೀನೂ ಇಲ್ರಿ, ಬೇಕಾದ್ರ ನೋಡ್ರಿ" ಎಂದ. ನಮ್ಮ ಕಡೆ ಬೆಳಗಿನ ಫಲಾಹಾರಕ್ಕೆ ನಾಷ್ಟಾ ಎನ್ನುತ್ತಾರೆ. ತಿಂಡಿ ಎಂದರೆ ಮೈ ಕೆರೆತ. ಆ ದಿನವಿಡೀ ಶಿಕ್ಷಕರ ಕೊಠಡಿಯಲ್ಲಿ ನಗುವೋ ನಗು. ನಾನೂ ನಕ್ಕೆ. ಆದರೆ ನನ್ನ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ನಕ್ಕೆ. ಏಕೆಂದರೆ ನನಗೆ ನಿಜವಾಗಿಯೂ ತಿಂಡಿ ಇತ್ತು.

ಈ ಪ್ರಸಂಗವನ್ನು ನನ್ನ ಹಳೆಯ ವಿದ್ಯಾರ್ಥಿಗಳು ತರಗತಿಯಲ್ಲಿ ಹಲವು ಬಾರಿ ಕೇಳಿದ್ದೀರಿ. ಅದರ ಮುಂದಿನ ಭಾಗವನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಂದು ಹೇಳುತ್ತೇನೆ.

ನನ್ನದು ಇಸುಬು. ಬಲಗೈ ಬೆರಳುಗಳ ಸಂದಿಯಲ್ಲಿ ಮೊದಲು ಸಣ್ಣ ನೀರುಗುಳ್ಳೆ, ಆಮೇಲೆ ಬಿರುಕು, ಆಮೇಲೆ ರಾತ್ರಿ ನಿದ್ದೆಗೆಡಿಸುವ ನವೆ. ಸುಣ್ಣದ ಕಡ್ಡಿಯ ಪುಡಿ, ದಿನಕ್ಕೆ ಹತ್ತು ಸಲ ಕೈ ತೊಳೆಯುವ ಚಟ, ಜೊತೆಗೆ ಕುಷ್ಟಗಿ ಸೀಮೆಯ ಒಣಗಾಳಿ. ಬೇವಿನೆಲೆ ಕುದಿಸಿದ ನೀರಾಯಿತು, ಹೊಂಗೆಯೆಣ್ಣೆಯಾಯಿತು, ಬೂದಿಯೂ ಆಯಿತು. ಕೊನೆಗೆ 1982ರಲ್ಲಿ ಕೊಪ್ಪಳದ ವೈದ್ಯರೊಬ್ಬರು ಒಂದು ಟ್ಯೂಬ್ ಬರೆದುಕೊಟ್ಟರು. ಚೀಟಿಯಲ್ಲಿ 'ದಿನಕ್ಕೆ ಎರಡು ಸಲ, ತೆಳ್ಳಗೆ, ಹದಿನೈದು ದಿನ, ನಂತರ ಬಂದು ತೋರಿಸಿ' ಎಂದು ಸ್ಪಷ್ಟವಾಗಿಯೇ ಇತ್ತು. ಮೂರನೆಯ ದಿನಕ್ಕೆ ನವೆ ನಿಂತಿತು. ಒಂದು ವಾರಕ್ಕೆ ಕೈ ಹೂವಿನಂತಾಯಿತು. ಸಂತೋಷದಲ್ಲಿ ಮರಳಿ ಹೋಗಿ ತೋರಿಸಬೇಕೆಂಬ ಮಾತು ಮರೆತೇಹೋಯಿತು. ಚೀಟಿಯನ್ನು ಮಾತ್ರ ಪಂಚಾಂಗದೊಳಗೆ ಜೋಪಾನವಾಗಿಟ್ಟೆ. ಕೆಲ ತಿಂಗಳಿಗೆ ಇಸುಬು ಮರುಕಳಿಸಿದಾಗ ಅದೇ ಚೀಟಿ, ಅದೇ ಟ್ಯೂಬ್. ಆಮೇಲೆ ಅಂಗಡಿಯವರು ಚೀಟಿಯನ್ನೂ ಕೇಳಲಿಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, ಟ್ಯೂಬ್ ಕಟ್ಟೆಯ ಮೇಲೆ ಬರುತ್ತಿತ್ತು. ಹೀಗೆ ಹನ್ನೆರಡು ವರ್ಷ ನನಗೆ ನಾನೇ ವೈದ್ಯನಾಗಿದ್ದೆ. ಅಷ್ಟಕ್ಕೇ ನಿಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

1994ರಲ್ಲಿ ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಆಗಿನ್ನೂ ಕೊಪ್ಪಳ ಜಿಲ್ಲೆಯಾಗಿರಲಿಲ್ಲ. ನಾವೆಲ್ಲ ರಾಯಚೂರು ಜಿಲ್ಲೆಯವರು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಪದ್ಯವನ್ನು ಒಮ್ಮೆ ಓದಿದರೆ ಬಾಯಿಪಾಠವಾಗುವಂಥ ಬುದ್ಧಿ; ಅವಳ ಓಣಿಯಿಂದ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಒಂದು ದಿನ ಅವಳು ಸೆರಗಿನಂತೆ ದಾವಣಿಯನ್ನು ಕೆನ್ನೆಗೆ ಹಿಡಿದುಕೊಂಡೇ ಕುಳಿತಿದ್ದಳು. ವಿಚಾರಿಸಿದರೆ ಎಡಗೆನ್ನೆಯಿಂದ ದವಡೆಯ ಅಂಚಿನವರೆಗೆ ದುಂಡನೆಯ ಕೆಂಪು ಮಚ್ಚೆ. ಅಂಚು ಉಬ್ಬಿ, ನಡುವೆ ತಿಳಿಯಾಗಿತ್ತು. ಈಗ ಯಾವ ಮಗುವಿನ ಮೈಮೇಲೆ ಅದನ್ನು ಕಂಡರೂ ಹುಳುಕಡ್ಡಿ ಎಂದು ಹೇಳಬಲ್ಲೆ. ಆಗ ನನಗೆ ತಿಳಿದಿದ್ದುದು ಒಂದೇ ರೋಗ, ಒಂದೇ ಔಷಧ. ಜೇಬಿನಲ್ಲಿದ್ದ ಟ್ಯೂಬನ್ನು ಅವಳ ಕೈಗೆ ಕೊಟ್ಟು, "ದಿನಾ ಹಚ್ಚಿಕೋ, ಹೋಗುತ್ತದೆ" ಎಂದೆ. ಮೇಷ್ಟರು ಕೊಟ್ಟದ್ದು! ಅವಳು ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು.

ನಾಲ್ಕು ದಿನಕ್ಕೆ ಬಂದು, "ಸರ, ತಿಂಡಿ ನಿಂತೈತ್ರಿ, ಕೆಂಪಗಿದ್ದದ್ದೂ ಹೋತ್ರಿ" ಎಂದು ಮುಖವರಳಿಸಿ ತೋರಿಸಿದಳು. ನನಗೂ ಹೆಮ್ಮೆ. ಟ್ಯೂಬ್ ಮುಗಿದ ಮೇಲೆ ಇನ್ನೊಂದನ್ನು ನಾನೇ ತಂದುಕೊಟ್ಟೆನೆಂಬುದನ್ನೂ ಇಲ್ಲಿ ಬರೆಯಬೇಕು. ಅರ್ಧ ತಪ್ಪೊಪ್ಪಿಗೆ ತಪ್ಪೊಪ್ಪಿಗೆಯಲ್ಲ.

ದಸರೆಯ ರಜೆ ಕಳೆದು ಶಾಲೆ ತೆರೆದಾಗ ಅವಳು ಬರಲಿಲ್ಲ. ದೀಪಾವಳಿಯೂ ಆಯಿತು. ಮನೆಯವರು ಹೊಲದ ಕೆಲಸಕ್ಕೆ ಬಿಡಿಸಿರಬೇಕೆಂದು ನಾವು ಶಿಕ್ಷಕರು ತೀರ್ಮಾನಿಸಿಬಿಟ್ಟೆವು. ಹೆಣ್ಣುಮಕ್ಕಳು ಶಾಲೆ ಬಿಟ್ಟರೆ ಆ ಕಾಲದಲ್ಲಿ ಕಾರಣ ಹುಡುಕುವ ರೂಢಿ ಇರಲಿಲ್ಲ. ಮರುವರ್ಷ ನನಗೆ ವರ್ಗವಾಯಿತು.

2009ರಲ್ಲಿ ಯಲಬುರ್ಗಾದಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದರು. ಶಾಲು ಹೊದಿಸಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಬಂದು ಕಾಲಿಗೆರಗಿದಳು. ಗುರುತು ಹತ್ತಲಿಲ್ಲ. ಎಡಗೆನ್ನೆಯ ಚರ್ಮ ತೆಳ್ಳಗಾಗಿ, ಒಳಗಿನ ಸಣ್ಣ ರಕ್ತನಾಳಗಳು ಕೆಂಪು ನೂಲಿನಂತೆ ಕಾಣುತ್ತಿದ್ದವು. ಹೆಸರು ಹೇಳಿದಾಗ ನೆನಪಾಯಿತು. ಏಕೆ ಶಾಲೆ ಬಿಟ್ಟೆ ಎಂದು ಕೇಳಿದೆ. ಅವಳು ನಗುತ್ತಲೇ ಹೇಳಿದಳು: ಮಚ್ಚೆ ಮತ್ತೆ ಬಂತು, ಹಚ್ಚಿದಳು, ಇನ್ನೂ ಅಗಲವಾಯಿತು, ಇನ್ನೂ ಹಚ್ಚಿದಳು. ಕೊರಳಿಗೆ, ಎದೆಗೆ ಹಬ್ಬಿತು. ಹಚ್ಚುವುದನ್ನು ಬಿಟ್ಟರೆ ಮುಖ ಬೆಂಕಿಯಂತೆ ಉರಿಯುವುದು. ಕೆನ್ನೆಯ ಮೇಲೆ ಕೂದಲು ಮೂಡಿದವು. ಊರಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡಿದರು. ಅಪ್ಪ ಎತ್ತು ಮಾರಿ, ಗದಗ ಹಾದು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಗುಣವಾಗಲು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಓದು ಮುಗಿದಿತ್ತು.

"ಆ ಟ್ಯೂಬ್ ಯಾರು ಕೊಟ್ರು ಅಂತ ಡಾಕ್ಟರು ಸಿಟ್ಟಿಲೆ ಕೇಳಿದ್ರಿ ಸರ. ಅಂಗಡ್ಯಾಗ ತಗೊಂಡ್ವಿ ಅಂತ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ರಿ" ಎಂದಳು. ಅದನ್ನು ಅವಳು ನನಗೊಂದು ಸಮಾಧಾನವೆಂಬಂತೆ ಹೇಳಿದಳು. ಹೆಗಲ ಮೇಲಿದ್ದ ಶಾಲನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಆ ದಿನದಿಂದ ನಾನು ಈ ಮುಲಾಮಿನ ವಿದ್ಯಾರ್ಥಿಯಾದೆ. ಅದರ ಹೆಸರು ಸ್ಟೀರಾಯ್ಡ್. ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಪುಟ್ಟ ಗ್ರಂಥಿಗಳು ಉತ್ಪಾದಿಸುವ ರಸವೊಂದರ ಬಂಧುಗಳು ಇವು. ಆ ಗ್ರಂಥಿರಸಗಳ ಸಂಶೋಧನೆಗಾಗಿ ಕೆಂಡಾಲ್, ಹೆಂಚ್, ರೈಕ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂತು. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನ್ ಮುಲಾಮನ್ನು ಇಸುಬಿಗೆ ಹಚ್ಚಿ ಗುಣ ಕಂಡರು. ಚರ್ಮವೈದ್ಯದಲ್ಲಿ ಅದೊಂದು ಹೊಸ ಯುಗ. ಇಸುಬು ಎಂಬುದು ಬಹುಮಟ್ಟಿಗೆ ದೇಹದ ಕಾವಲುಪಡೆಯು ತನ್ನ ಚರ್ಮದಲ್ಲಿಯೇ ಎಬ್ಬಿಸುವ ದಂಗೆ. ಸ್ಟೀರಾಯ್ಡ್ ಆ ದಂಗೆಯನ್ನು ಅಡಗಿಸುತ್ತದೆ. ಹುಳುಕಡ್ಡಿಯಾದರೋ ಹೊರಗಿನಿಂದ ಬಂದ ಶಿಲೀಂಧ್ರ. ಅಲ್ಲಿ ಕಾವಲುಪಡೆ ಹೋರಾಡಲೇಬೇಕು. ಕೆಂಪು, ನವೆ ಎಲ್ಲವೂ ಆ ಹೋರಾಟದ ಸದ್ದು. ಮುಲಾಮು ಹಚ್ಚಿದೊಡನೆ ಸದ್ದಡಗುತ್ತದೆ, ರೋಗಿ ಹಿಗ್ಗುತ್ತಾನೆ. ಕಾವಲಿಲ್ಲದ ಹೊಲಕ್ಕೆ ದನ ನುಗ್ಗಿದಂತೆ ಶಿಲೀಂಧ್ರ ಒಳಗೆ ಹಬ್ಬುತ್ತದೆ. ನಾಲ್ಕನೆಯ ದಿನ ಆ ಹುಡುಗಿ ಮುಖವರಳಿಸಿ ನಿಂತಿದ್ದಳಲ್ಲ, ಆಗಲೇ ಅದು ಆರಂಭವಾಗಿತ್ತು.

ನಾನು ಮಾಡಿದ ಎರಡನೆಯ ತಪ್ಪು ಜಾಗದ್ದು. ಮೈಯ ಚರ್ಮವೆಲ್ಲ ಒಂದೇ ಎಂದು ನಾನು ತಿಳಿದಿದ್ದೆ. ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬುವರು 1967ರಲ್ಲಿ ಅಳೆದು ನೋಡಿದ ಪ್ರಕಾರ, ಮುಂದೋಳು ಹೈಡ್ರೋಕಾರ್ಟಿಸೋನನ್ನು ಒಂದು ಪಾಲು ಹೀರಿದರೆ ಹಣೆ 6 ಪಾಲು, ದವಡೆ 13 ಪಾಲು ಹೀರುತ್ತದೆ. ದಪ್ಪ ಚರ್ಮದ ಅಂಗಾಲು ಹೀರುವುದು ಏಳನೆಯ ಒಂದು ಪಾಲು ಮಾತ್ರ. ನನ್ನ ಒರಟು ಕೈಗೆಂದು ವೈದ್ಯರು ಕೊಟ್ಟ ಮುಲಾಮನ್ನು ನಾನು ಹದಿಮೂರರ ಹುಡುಗಿಯ ದವಡೆಗೆ ಹಚ್ಚಿಸಿದ್ದೆ.

ಹೀಗೆ ಮಾಡಿದವನು ನಾನೊಬ್ಬನೇ ಅಲ್ಲವೆಂಬುದು ಆಮೇಲೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2926 ಜನರನ್ನು ವೈದ್ಯರು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಲಹೆ ಕೊಟ್ಟವರು ವೈದ್ಯರೇ ಅಲ್ಲ. ನೆರೆಯವರು, ನಂಟರು, ಅಂಗಡಿಯವರು, ನನ್ನಂಥವರು. ಮೊಡವೆಗೆ ಹಚ್ಚಿದವರುಂಟು, ಬೆಳ್ಳಗಾಗಲು ಹಚ್ಚಿದವರೂ ಉಂಟು. ಬೆಳ್ಳಗಾಗುವ ಹಂಬಲದ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಬೇಡ, ಸಿಟ್ಟು ಬರುತ್ತದೆ. ಕೇಂದ್ರ ಸರಕಾರ 2018ರ ಮಾರ್ಚಿನಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಯೊಳಗೆ ತಂದಿತು. ಪಟ್ಟಿ ದೆಹಲಿಯದು, ಅಂಗಡಿಯ ಕಟ್ಟೆ ನಮ್ಮೂರಿನದು.

ಆದ್ದರಿಂದ ಟ್ಯೂಬಿನ ಮೇಲಿನ ಬರಹವನ್ನು ಓದುವುದನ್ನು ಕಲಿಯಬೇಕು. ನಾನು ವ್ಯಾಕರಣದ ಮೇಷ್ಟರು, ಪ್ರತ್ಯಯ ನೋಡಿ ಪದವನ್ನು ಗುರುತಿಸುವವನು. ಮುಂದೆ ದೊಡ್ಡಕ್ಷರದಲ್ಲಿರುವ ವ್ಯಾಪಾರದ ಹೆಸರನ್ನು ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಬೀಟಾಮೆಥಸೋನ್, ಮೊಮೆಟಸೋನ್, ಫ್ಲೂಟಿಕಸೋನ್ ಎಂದು 'ಸೋನ್' ಪ್ರತ್ಯಯ ಬಂದರೆ ಅದು ಸ್ಟೀರಾಯ್ಡ್. ಕ್ಲೋಬೆಟಸಾಲ್ ಎಂದಿದ್ದರೆ ಅವುಗಳಲ್ಲೆಲ್ಲ ಅತ್ಯಂತ ಪ್ರಬಲವಾದದ್ದು, ಹೈಡ್ರೋಕಾರ್ಟಿಸೋನ್ ಮೆದುವಾದದ್ದು. ಒಂದೇ ಟ್ಯೂಬಿನಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ಮುಲಾಮುಗಳೂ ಉಂಟು. ಯಾವ ರೋಗವೆಂದು ತಿಳಿಯದಿದ್ದರೂ ಯಾವುದಾದರೊಂದು ತಾಗೀತೆಂಬ ಈ ಲೆಕ್ಕಾಚಾರದಿಂದಲೇ ನಮ್ಮ ದೇಶದಲ್ಲಿ ಮಾಮೂಲಿ ಔಷಧಕ್ಕೆ ಬಗ್ಗದ ಹುಳುಕಡ್ಡಿ ಹರಡಲು ನೆರವಾಯಿತೆಂದು ಚರ್ಮವೈದ್ಯರು ಹೇಳುತ್ತಾರೆ. ಅಂಥದೊಂದು ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೆಸರಿನಲ್ಲಿಯೇ ನಮ್ಮ ದೇಶದ ಹೆಸರಿದೆ: ಟ್ರೈಕೊಫೈಟಾನ್ ಇಂಡೋಟಿನಿಯೇ.

ಇಷ್ಟೆಲ್ಲ ಓದಿಕೊಂಡು ನಾನು ಬುದ್ಧಿವಂತನಾದೆನೆಂದು ತಿಳಿಯಬೇಡಿ. ಕೆಂಡ ಮುಟ್ಟಿದವನು ಒಲೆಯನ್ನೇ ಒಡೆಯಹೊರಟಂತಾಯಿತು ನನ್ನ ಕಥೆ.

ನನ್ನ ಮಗ ಗಂಗಾವತಿಯಲ್ಲಿದ್ದಾನೆ. 2019ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗಳಿಗೆ ಮೊಣಕೈ, ಮೊಣಕಾಲುಗಳ ಒಳಮಡಿಕೆಗಳಲ್ಲಿ ಇಸುಬು ಎದ್ದಿತು. ವೈದ್ಯರು ಒಂದು ಮುಲಾಮು ಬರೆದುಕೊಟ್ಟಿದ್ದರು. ನಾನು ಕನ್ನಡಕ ಏರಿಸಿ ಸಣ್ಣಕ್ಷರ ಓದಿದೆ. 'ಸೋನ್' ಕಂಡಿತು! "ಇದು ವಿಷ, ಕೂಸಿನ ಮೈಗೆ ತಾಗಿಸಬೇಡಿ" ಎಂದು ಮನೆ ತುಂಬ ಕೂಗಾಡಿದೆ. ಸೊಸೆ ಮೆತ್ತಗೆ, "ಮಾವಾರ, ಡಾಕ್ಟರು ಹೇಳ್ಯಾರಲ್ರಿ" ಎಂದಳು. ನಾನು ಯಲಬುರ್ಗಾದ ಹುಡುಗಿಯ ಕಥೆ ಹೇಳಿದೆ. ಅವಳು ಸುಮ್ಮನಾದಳು. ಟ್ಯೂಬ್ ಕಪಾಟು ಸೇರಿತು. ಕೊಬ್ಬರಿ ಎಣ್ಣೆಯೊಂದೇ ಸಾಕೆಂದು ನಾನು ತೀರ್ಪಿತ್ತೆ.

ಮೂರು ವಾರ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಕೂಸು ರಾತ್ರಿಯಿಡೀ ಕೆರೆದುಕೊಳ್ಳುವುದು, ಅಳುವುದು. ಸೊಸೆ ಅದರ ಪುಟ್ಟ ಕೈಗಳಿಗೆ ಹಳೆಯ ಕಾಲುಚೀಲ ತೊಡಿಸಿ ಎದೆಗವಚಿಕೊಂಡು ಗೋಡೆಗೊರಗಿ ಕೂಡುವಳು. ಕೊನೆಗೆ ಮೊಣಕಾಲ ಹಿಂದಿನ ಗಾಯ ಕೀವಾಗಿ ಜ್ವರ ಬಂತು. ಕೊಪ್ಪಳದ ಚರ್ಮವೈದ್ಯೆಯೊಬ್ಬರಲ್ಲಿಗೆ ಹೊತ್ತುಕೊಂಡು ಓಡಿದೆವು. ಆಕೆ ನನ್ನ ಮೊಮ್ಮಗಳಷ್ಟು ಅಲ್ಲದಿದ್ದರೂ ಮಗಳಿಗಿಂತ ಚಿಕ್ಕವರು. ಎಲ್ಲವನ್ನೂ ಕೇಳಿ, ಮೊದಲು ಕೀವಿಗೆ ಔಷಧ ಬರೆದು, ಆಮೇಲೆ ಸೊಸೆಯನ್ನು ಬಿಟ್ಟು ನನ್ನ ಕಡೆಗೆ ತಿರುಗಿದರು.

"ಅಜ್ಜಾರ, ಅಡುಗೆಗೆ ಉಪ್ಪು ಹಾಕ್ತೀರಲ್ಲ, ಎಷ್ಟು ಹಾಕ್ತೀರಿ? ಹಿಡಿ ಹಾಕಿದರೂ ಊಟ ಕೆಡ್ತದ, ಹಾಕದಿದ್ದರೂ ಕೆಡ್ತದ. ಆ ಹುಡುಗಿಗೆ ಹಿಡಿ ಹಾಕಿದ್ರಿ, ಈ ಕೂಸಿಗೆ ಚಿಟಿಕೀನೂ ಹಾಕಲಿಲ್ಲ."

ಮೂವತ್ತೈದು ವರ್ಷ ಪಾಠ ಹೇಳಿದವನು ಬೆಂಚಿನ ಮೇಲೆ ಕುಳಿತು ಪಾಠ ಹೇಳಿಸಿಕೊಂಡೆ. ಆಕೆ ನನ್ನ ತೋರುಬೆರಳನ್ನೇ ಹಿಡಿದು, ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಮುಲಾಮನ್ನು ಒಂದು ಎಳೆಯಾಗಿ ಹಿಂಡಿದರು. ಇದು ಒಂದು ಬೆರಳಳತೆ. 1991ರಲ್ಲಿ ಬ್ರಿಟನ್ನಿನ ಇಬ್ಬರು ಗೊತ್ತುಮಾಡಿದ ಅಳತೆಯಂತೆ. ಟ್ಯೂಬಿನ ಬಾಯಿ ಐದು ಮಿಲಿಮೀಟರ್ ಅಗಲವಿದ್ದರೆ ಈ ಎಳೆ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಬೆರಳುಗಳೂ ಸೇರಿದಂತೆ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಹಚ್ಚಿಸಿಕೊಳ್ಳುವುದು ಕೂಸಾದರೂ ಅಳತೆ ದೊಡ್ಡವರ ಬೆರಳಿನದೇ. ನಮ್ಮ ಕೂಸಿನ ನಾಲ್ಕೂ ಮಡಿಕೆಗಳನ್ನು ಆಕೆ ತನ್ನ ಅಂಗೈಯಿಂದ ಮುಚ್ಚಿ ಅಳೆದು, "ಒಂದೂವರೆ ಬೆರಳು, ದಿನಕ್ಕೊಮ್ಮೆ, ಹತ್ತು ದಿನ" ಎಂದರು. ನಾನು ಅಲ್ಲಿಯೇ ಲೆಕ್ಕ ಹಾಕಿದೆ: ಹದಿನೈದು ಬೆರಳು, ಏಳೂವರೆ ಗ್ರಾಂ. "ಹೌದು, ಹದಿನೈದು ಗ್ರಾಮಿನ ಟ್ಯೂಬಿನಾಗ ಅರ್ಧ ಉಳೀಬೇಕು. ಪೂರಾ ಉಳಿದ್ರ ನೀವು ಅಂಜೀರಿ ಅಂತ ತಿಳೀತದ, ಪೂರಾ ಖಾಲಿ ಆದ್ರ ಬಳದೀರಿ ಅಂತ ತಿಳೀತದ" ಎಂದರು. ಇಷ್ಟು ಸೊಗಸಾದ ಪರೀಕ್ಷಾ ಪದ್ಧತಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ.

ಮಿಕ್ಕದ್ದನ್ನೂ ಆಕೆ ಹೇಳಿದ ಕ್ರಮದಲ್ಲಿಯೇ ಬರೆಯುತ್ತೇನೆ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಬೇಗ ಮುಗಿಯಬೇಕು. ಮೈ ತಿಕ್ಕಿ ಒರೆಸದೆ ಒತ್ತಿ ಒರೆಸಿ, ಹಸಿ ಆರುವ ಮೊದಲೇ ತೇವಾಂಶ ಹಿಡಿದಿಡುವ ಲೇಪನವನ್ನು ಮೈಗೆಲ್ಲ ಧಾರಾಳವಾಗಿ ಹಚ್ಚಬೇಕು. ಇಸುಬು ಇರಲಿ ಬಿಡಲಿ, ಅದು ನಿತ್ಯದ ಊಟ. (ಮೇಣದಂಥ ಲೇಪನ ಅಂಟಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ, ದೀಪಗಳಿಂದ ಕೂಸನ್ನು ದೂರವಿಡಿ ಎಂದೂ ಹೇಳಿದರು.) ಕಾಲು ಗಂಟೆಯೋ ಅರ್ಧ ಗಂಟೆಯೋ ಬಿಟ್ಟು, ಕೆಂಪಗೆ ಕೆರಳಿದ ಜಾಗಕ್ಕೆ ಮಾತ್ರ ಸ್ಟೀರಾಯ್ಡ್. ಅದರ ಮೇಲೆ ಪಟ್ಟಿಯನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ವೈದ್ಯರು ಹೇಳದೆ ಸುತ್ತಬಾರದು. ಮುಚ್ಚಿದಷ್ಟೂ ಔಷಧ ಒಳಗಿಳಿಯುತ್ತದೆ. ಕೂಸಿನ ಡೈಪರ್ ಕೂಡ ಅಂಥ ಮುಚ್ಚಳವೇ. ಹಚ್ಚಿದವರು ಕೈ ತೊಳೆಯಬೇಕು. ಕಣ್ಣಿನ ರೆಪ್ಪೆಗೆ ಸ್ವಂತ ಬುದ್ಧಿಯಿಂದ ಎಂದೂ ಹಚ್ಚಕೂಡದು. ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರುವ, ಪೊರೆ ಬರುವ ಅಪಾಯವಿದೆ. ಮುಖ, ಕಂಕುಳು, ತೊಡೆಸಂದಿಗಳಿಗೆ ಮೆದು ಮುಲಾಮು, ಅದೂ ಕೆಲವೇ ದಿನ. ಚರ್ಮ ನಯವಾದ ಮೇಲೆ ನಿಲ್ಲಿಸಬೇಕು. ಪದೇಪದೇ ಮರುಕಳಿಸುವವರಿಗೆ ವಾರದಲ್ಲಿ ಎರಡು ದಿನ ಮಾತ್ರ ಹಚ್ಚುವ ಕ್ರಮವನ್ನೂ, ಸ್ಟೀರಾಯ್ಡ್ ಅಲ್ಲದ ಬೇರೆ ಮುಲಾಮುಗಳನ್ನೂ ವೈದ್ಯರೇ ಗೊತ್ತುಮಾಡುತ್ತಾರೆ. ನನ್ನಂತೆ ವರ್ಷಗಟ್ಟಲೆ ಹಚ್ಚಿದವರು ಈ ಲೇಖನ ಓದಿ ನಾಳೆಯೇ ಟ್ಯೂಬನ್ನು ತಿಪ್ಪೆಗೆಸೆಯಬೇಡಿ. ಏಕಾಏಕಿ ಬಿಟ್ಟರೆ ಉರಿದೇಳುವುದುಂಟು, ವೈದ್ಯರಿಗೆ ತೋರಿಸಿ ಇಳಿಸಿಕೊಳ್ಳಬೇಕು.

ಹತ್ತನೆಯ ದಿನ ನಾನು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಉಳಿದಿತ್ತು. ಕೂಸು ಎಂಟನೆಯ ರಾತ್ರಿಯಿಂದಲೇ ಕಾಲು ಚಾಚಿ ಮಲಗತೊಡಗಿತ್ತು. ಸೊಸೆ ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ನಮ್ಮ ಸೀಮೆಯ ತಿಂಡಿಗೆ ಮುಲಾಮಿನಾಚೆಯ ಕಾರಣಗಳೂ ಇವೆ. ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಾಟಿಯ ದಿನಗಳುದ್ದಕ್ಕೂ ಕೆಸರಿನಲ್ಲಿ ನಿಲ್ಲುವ ಹೆಣ್ಣುಮಕ್ಕಳ ಬೆರಳಸಂದಿ ಒಡೆಯುವುದು ನೀರಿನಿಂದ. ಯಲಬುರ್ಗಾ, ಕುಷ್ಟಗಿಯ ಬದುಗಳಲ್ಲಿ ಬೆಳೆದು ನಿಂತ ಪಾರ್ಥೇನಿಯಂ, ಅಂದರೆ ನಮ್ಮವರ ಕಾಂಗ್ರೆಸ್ ಕಸ, 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಂಡಿತೆನ್ನುತ್ತಾರೆ. ಅದನ್ನು ಬರಿಗೈಯಲ್ಲಿ ಕಿತ್ತ ರೈತರಿಗೆ ರೆಪ್ಪೆ, ಕೊರಳು, ಮೊಣಕೈ ಮಡಿಕೆಗಳಲ್ಲಿ ಇಸುಬು ಏಳುತ್ತದೆ. ಗಾರೆ ಕೆಲಸದವರಿಗೆ ಸಿಮೆಂಟಿನಿಂದ. ಇಂಥಲ್ಲಿ ಕಾರಣವನ್ನು ದೂರವಿಡದೆ ಮುಲಾಮನ್ನೇ ಬಳಿಯುತ್ತ ಹೋದರೆ, ಸೋರುವ ಕೊಡಕ್ಕೆ ನೀರು ಹೊತ್ತಂತೆ. ನನ್ನ ಕೈಯ ಇಸುಬು ಹೋದದ್ದು ಯಾವ ಟ್ಯೂಬಿನಿಂದಲೂ ಅಲ್ಲ, 2006ರಲ್ಲಿ ನಿವೃತ್ತನಾಗಿ ಸುಣ್ಣದ ಕಡ್ಡಿ ಬಿಟ್ಟದ್ದರಿಂದ!

ಇದನ್ನು ಬರೆಯುವ ಮುನ್ನ ಯಲಬುರ್ಗಾದ ಆ ನನ್ನ ವಿದ್ಯಾರ್ಥಿನಿಗೆ ಫೋನ್ ಮಾಡಿ ಅಪ್ಪಣೆ ಕೇಳಿದೆ. ಅವಳು ಮುಂದೆ ಖಾಸಗಿಯಾಗಿ ಹತ್ತನೆಯ ತರಗತಿ ಕಟ್ಟಿ ಪಾಸಾಗಿ, ಈಗ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಕ್ಷಮೆಯನ್ನೂ ಕೇಳಿದೆ. ಆ ಮಾತನ್ನು ಅವಳು ಕೇಳಿಸದವಳಂತೆ ಮಾಡಿ, "ಬರೀರಿ ಸರ, ಹೆಸರೊಂದು ಬ್ಯಾಡ್ರಿ" ಎಂದಳು. ಸ್ವಲ್ಪ ತಡೆದು, "ನಮ್ಮ ಅಂಗನವಾಡಿಗೆ ಬರೂ ಕೂಸುಗಳ ಮುಖದ ಮ್ಯಾಲ ದುಂಡಗ ಕೆಂಪಗ ಕಂಡ್ರ ನಾನು ಅವರ ಅವ್ವಂದಿರನ್ನ ಮೊದಲು ಏನು ಹಚ್ಚೀರಿ ಅಂತ ಕೇಳ್ತೀನ್ರಿ. ಟ್ಯೂಬ್ ತರಿಸಿ ಓದ್ತೀನಿ. ಆದರ ಇಂಗ್ಲಿಷಿನ್ಯಾಗ ಭಾಳ ಸಣ್ಣ ಅಕ್ಷರ ಇರ್ತಾವ್ರಿ. ಆ 'ಸೋನ್' ಅನ್ನೂ ಹೆಸರುಗಳನ್ನ ದೊಡ್ಡದಾಗಿ ಕನ್ನಡದಾಗ ಬರದು ಕಳಸ್ರಿ, ಗೋಡೆಗೆ ಹಚ್ತೀನಿ" ಎಂದಳು.

ನಿನ್ನೆ ರಟ್ಟಿನ ಹಾಳೆಯ ಮೇಲೆ ಬರೆದು ಮುಗಿಸಿದೆ. ನಾಳೆ ಯಲಬುರ್ಗಾಕ್ಕೆ ಹೋಗುವ ಬಸ್ಸಿನವರ ಕೈಯಲ್ಲಿ ಕೊಡಬೇಕು.